ಅಜ್ಜಿ ಒಗೆದು ಮಡಚಿಟ್ಟ ಬಟ್ಟೆಗೆ ಕಲೆ ಎಲ್ಲಿಂದ ಬಂತು?

ಪ್ರಶ್ನೆ: ನಾವು ಶ್ರೀನಿವಾಸಪುರ ತಾಲ್ಲೂಕಿನವರು. ನಮ್ಮ ಅಜ್ಜಿ ಕೆಜಿಎಫ್‌ನಲ್ಲಿ ಹೊಲಿಗೆ ಟೀಚರ್ ಆಗಿದ್ದರು. ಅವರು ತೀರಿಕೊಂಡು 9 ವರ್ಷವಾಯಿತು. ಅವರ ತಗಡಿನ ಟ್ರಂಕನ್ನು ಅಮ್ಮ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಹೋದ ವಾರ ತೆಗೆದೆವು. ಸುತ್ತ ಕ್ರೋಶಾ ಲೇಸು ಹಾಕಿದ ದೊಡ್ಡ ಬಿಳಿ ಟೇಬಲ್ ಕ್ಲಾತ್, ಹೂವಿನ ಕಸೂತಿಯ 4 ದಿಂಬಿನ ಕವರ್, ಎದೆಯ ಮೇಲೆ ಸ್ಮಾಕಿಂಗ್ (ನೆರಿಗೆ ಹಿಡಿದು ಹಾಕುವ ಅಲಂಕಾರದ ಹೊಲಿಗೆ) ಮಾಡಿದ ಒಂದು ಪುಟ್ಟ ಫ್ರಾಕು ಸಿಕ್ಕಿವೆ. ಫ್ರಾಕು ಅಜ್ಜಿ 1974ರಲ್ಲಿ ನನ್ನ ನಾಮಕರಣಕ್ಕೆಂದು ಹೊಲಿದದ್ದು. ಎಲ್ಲವನ್ನೂ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿಯೇ ಇಟ್ಟಿದ್ದರು ಎಂದು ಅಮ್ಮ ಹೇಳುತ್ತಾರೆ. ಆದರೂ ಮಡಿಕೆಗಳ ಉದ್ದಕ್ಕೂ ಹಳದಿ ಗೆರೆ, ಅಲ್ಲಲ್ಲಿ ಕಂದು ಚುಕ್ಕೆ, ಟೇಬಲ್ ಕ್ಲಾತಿನ ಅಂಚಿಗೆ ತುಕ್ಕು, ಒಂದು ಮೂಲೆಯಲ್ಲಿ ಕಪ್ಪು ಗುರುತು ಇದೆ. ಒಂದು ಕಡೆ ಲೇಸು ಬಿಟ್ಟುಕೊಂಡಿದೆ. ನುಸಿ ಗುಳಿಗೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಬ್ಲೀಚಿಂಗ್ ಪೌಡರಿನಲ್ಲಿ ಒಂದು ರಾತ್ರಿ ನೆನೆಸು ಅನ್ನುತ್ತಾಳೆ ನಾದಿನಿ. ಇಸ್ತ್ರಿ ಅಂಗಡಿಯವರು ಡ್ರೈ ವಾಶ್‌ಗೆ ಕೊಡಿ ಅನ್ನುತ್ತಾರೆ, ಇದು ಇಂಗ್ಲಿಷ್ ಲಿನನ್ ಅಂತಲೂ ಹೇಳಿದರು. ಅಮ್ಮ ಮುಟ್ಟಲೇಬೇಡ ಅನ್ನುತ್ತಾರೆ. ನಮ್ಮದು ಬೋರ್‌ವೆಲ್ ನೀರು. ಮುಂದಿನ ತಿಂಗಳು ಮೊಮ್ಮಗಳ ನಾಮಕರಣ, ಅದೇ ಫ್ರಾಕು ಹಾಕಬೇಕೆಂದು ಆಸೆ. ಉಳಿದವನ್ನು ಬಳಸಬಹುದೇ, ಹಾಗೇ ಇಡಬೇಕೇ?

ಉತ್ತರ: ನಿಮ್ಮ ಆಸೆ, ನಿಮ್ಮ ತಾಯಿಯವರ ಭಯ ಎರಡೂ ಅರ್ಥವಾಗುತ್ತವೆ. ಮುಟ್ಟಿದರೆ ಹರಿದೀತು, ಮುಟ್ಟದಿದ್ದರೆ ಕಲೆ ಬೆಳೆದೀತು. ನಾನು 28 ವರ್ಷದಿಂದ ಕೋಲಾರದಲ್ಲಿ ಹಳೆಯ ಬಟ್ಟೆಗಳ ರಫು, ಲೇಸು, ಕಸೂತಿ ದುರಸ್ತಿ ಮಾಡುತ್ತಿದ್ದೇನೆ. 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿದ ಮೇಲೆ ಊರು ಬಿಟ್ಟ ಎಷ್ಟೋ ಮನೆಗಳ ಟ್ರಂಕುಗಳಿಂದ ಬಟ್ಟೆ ನನ್ನ ಮೇಜಿಗೆ ಬಂದಿದೆ. ಅದರಲ್ಲಿ ಬಳಸಿ ಬಳಸಿ ಹರಿದದ್ದು ಕಡಿಮೆ. ಗಂಜಿ ಸಮೇತ ಇಟ್ಟು ಮರೆತು, ಆಮೇಲೊಂದು ದಿನ ಅವಸರದಲ್ಲಿ ಬೆಳ್ಳಗೆ ಮಾಡಹೋಗಿ ಹಾಳಾದದ್ದೇ ಬಹಳ. ಆದ್ದರಿಂದ ಒಗೆಯಿರಿ, ಬಳಸಿ. ಆದರೆ ಹೊಸ ಬಟ್ಟೆಯ ಬಿಳುಪು ಬೇಕೆಂಬ ಹಟ ಬೇಡ. 50 ವರ್ಷದ ಹತ್ತಿ ಬಟ್ಟೆಗೆ ಕೆನೆ ಹಾಲಿನ ಬಣ್ಣ ಬಂದರೆ ಸಾಕು, ಅದಕ್ಕಿಂತ ಮುಂದೆ ಹೋದರೆ ಬಟ್ಟೆಯ ಆಯಸ್ಸನ್ನೇ ಕೊಟ್ಟು ಬಿಳುಪು ಕೊಂಡಂತೆ.

ಮೊದಲು ಫ್ರಾಕಿನ ಮಾತು. ಅಲ್ಲಿ ಬಟ್ಟೆಗಿಂತ ಮಗು ಮುಖ್ಯ.

ನುಸಿ ಗುಳಿಗೆಯ ನಾಫ್ತಲೀನ್ ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತದೆ, ಆ ಆವಿ ಬಟ್ಟೆಯ ಎಳೆಯೊಳಗೆ ಸೇರಿಕೊಳ್ಳುತ್ತದೆ. ಹೀಗೆ ಇಟ್ಟಿದ್ದ ಬಟ್ಟೆ, ಹೊದಿಕೆಗಳನ್ನು ಪೆಟ್ಟಿಗೆಯಿಂದ ತೆಗೆದು ಹಾಗೇ ಬಳಸಿದ್ದರಿಂದ ಎಳೆಗೂಸುಗಳ ಕೆಂಪು ರಕ್ತಕಣ ಒಡೆದು, ರಕ್ತಹೀನತೆ, ಕಾಮಾಲೆ ಬಂದ ಪ್ರಕರಣಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಅಪಾಯ ಹೆಚ್ಚು, ಆ ಕೊರತೆ ಇರುವುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಮೈಗೆ ಎಣ್ಣೆ ಹಚ್ಚಿದ್ದರೆ ಚರ್ಮ ಅದನ್ನು ಇನ್ನೂ ಬೇಗ ಹೀರಿಕೊಳ್ಳುತ್ತದೆ. ನಮ್ಮಲ್ಲಂತೂ ಮಗುವಿಗೆ ಎಣ್ಣೆನೀರು ಹಾಕಿಯೇ ಹೊಸ ಬಟ್ಟೆ ತೊಡಿಸುವುದು. ಹಾಗಾಗಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಇವತ್ತೇ ಫ್ರಾಕನ್ನು ಟ್ರಂಕಿನಿಂದ ಬೇರೆ ಮಾಡಿ, ಗಾಳಿಯಾಡುವ ನೆರಳಿನಲ್ಲಿ ಹರಡಿ. ಮಗು ಮಲಗುವ ಕೋಣೆಯಲ್ಲಿ ಬೇಡ. ಎರಡು ಮೂರು ವಾರ ಹಾಗೇ ಇರಲಿ, ನಡುವೆ ಎರಡು ಮೂರು ಸಲ ಒಗೆಯಿರಿ. ಒಗೆಯುವ ಮೊದಲು ಬೆನ್ನಿನ ಕಡೆ ಪ್ರೆಸ್ ಬಟನ್ ಇದೆಯೇ ನೋಡಿ. ಆ ಕಾಲದ ಲೋಹದ ಪ್ರೆಸ್ ಬಟನ್ ಒಳಗೊಳಗೇ ತುಕ್ಕು ಹಿಡಿದಿರುತ್ತದೆ, ನೀರು ಸೋಕಿದ ಕೂಡಲೇ ಸುತ್ತಲೂ ಕಂದು ಬಣ್ಣ ಬಿಡುತ್ತದೆ. ದಾರ ಕತ್ತರಿಸಿ ತೆಗೆದುಬಿಡಿ. ಕೊನೆಗೆ ಫ್ರಾಕನ್ನು ಶುಭ್ರವಾದ ಹತ್ತಿ ಟವೆಲಿನಲ್ಲಿ ಒಂದು ರಾತ್ರಿ ಸುತ್ತಿಟ್ಟು ಬೆಳಿಗ್ಗೆ ಮೂಸಿ ನೋಡಿ. ವಾಸನೆ ಸ್ವಲ್ಪ ಉಳಿದಿದ್ದರೂ ಮಗುವಿಗೆ ಹಾಕಬೇಡಿ. ಆಗ ಅದನ್ನು ಚಪ್ಪರದ ಹತ್ತಿರ ಗೋಡೆಗೆ ತೂಗುಹಾಕಿ, ನೀವು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಿ. ಮೊದಲ ಹುಟ್ಟುಹಬ್ಬಕ್ಕೆ ಮಗುವಿಗೆ ಆಗದಿದ್ದರೂ ಗೊಂಬೆಗಾದರೂ ಆಗುತ್ತದೆ.

ವಾಸನೆ ಪೂರ್ತಿ ಹೋಯಿತು ಎನ್ನಿ. ಆಗಲೂ ಒಳಗೆ ಹೊಸ ಮಲ್ ಬಟ್ಟೆಯ ತೆಳು ಲೈನಿಂಗ್ ಕೊಡಿಸಿ. ಹೊಸ ಮಲ್ ಒಗೆದರೆ ಕುಗ್ಗುತ್ತದೆ, ಅದನ್ನು ಮೊದಲೇ ಎರಡು ಸಲ ನೆನೆಸಿ ಒಣಗಿಸಿ ಆಮೇಲೆ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತದಲ್ಲೇ ಲೈನಿಂಗ್ ಎಳೆದು ಫ್ರಾಕು ಸುಕ್ಕಾಗುತ್ತದೆ. ಲೈನಿಂಗನ್ನು ಕತ್ತು, ಭುಜ, ಕಂಕುಳ ಹೊಲಿಗೆಗಳಿಗೆ ಮಾತ್ರ ಹಿಡಿಸಿ. ಸ್ಮಾಕಿಂಗ್ ಇರುವ ಕಡೆ ಬಿಟ್ಟುಬಿಡಿ. ಸ್ಮಾಕಿಂಗಿನ ಚೆಲುವೆಲ್ಲ ಅದು ಹಿಗ್ಗಿ ಕುಗ್ಗುವುದರಲ್ಲಿದೆ. ಎಲಾಸ್ಟಿಕ್ ಬರುವ ಮೊದಲು ಉಡುಪಿಗೆ ಹಿಗ್ಗುವ ಗುಣ ಕೊಡುತ್ತಿದ್ದದ್ದು ಇದೇ ಹೊಲಿಗೆ. ಹಿಂದೆ ಲೈನಿಂಗ್ ಬಿಗಿದರೆ ಆ ಗುಣ ಸತ್ತುಹೋಗುತ್ತದೆ, ಮಗು ಕೈ ಎತ್ತಿದಾಗ ಹಳೆಯ ದಾರ ಪಟ್ಟನೆ ತುಂಡಾಗುತ್ತದೆ.

ಈಗ ನಿಮ್ಮನ್ನು ಹೆಚ್ಚು ಕಾಡುತ್ತಿರುವ ವಿಷಯ: ಒಗೆದು ಇಟ್ಟದ್ದಕ್ಕೆ ಕಲೆ ಹೇಗೆ ಬಂತು? ಅಜ್ಜಿ ಸರಿಯಾಗಿ ಒಗೆದಿರಲಿಲ್ಲವೇ ಎಂದು ನಿಮ್ಮ ತಾಯಿಯವರಿಗೆ ಒಳಗೊಳಗೇ ನೋವಾಗಿರಬಹುದು. ಹಾಗೇನಿಲ್ಲ ಎಂದು ಅವರಿಗೆ ಹೇಳಿ. ಇಡುವಾಗ ಬಟ್ಟೆ ಕಣ್ಣಿಗೆ ಶುಭ್ರವಾಗಿಯೇ ಇತ್ತು. ಆದರೆ ಕಣ್ಣಿಗೆ ಕಾಣದ ನಾಲ್ಕೈದು ವಸ್ತುಗಳು ಅದರಲ್ಲಿ ಉಳಿದಿದ್ದವು.

ಒಂದು, ಸಕ್ಕರೆ. ನಿಮ್ಮದು ಮಾವಿನ ಸೀಮೆ. ಮಾವಿನ ರಸ, ಪಾನಕ, ಎಳನೀರು ಬಿದ್ದರೆ ಮೇಲೆ ಒರೆಸಿದ ಮೇಲೆ ಏನೂ ಕಾಣುವುದಿಲ್ಲ. ಎಳೆಯಲ್ಲಿ ಉಳಿದ ಸಕ್ಕರೆ ವರ್ಷಗಳು ಕಳೆದಂತೆ ನಿಧಾನವಾಗಿ ಕಂದಾಗುತ್ತದೆ. ಮೇಲೆ ಬಿಸಿ ಇಸ್ತ್ರಿ ಆಡಿಸಿದ್ದರೆ ಇನ್ನೂ ಬೇಗ. ದುಂಡಗೆ, ಸುತ್ತ ಸ್ವಲ್ಪ ಗಾಢ ಅಂಚಿರುವ ಕಂದು ಕಲೆಗಳು ಸಾಮಾನ್ಯವಾಗಿ ಇಂಥವು.

ಎರಡನೆಯದು ಸಾಬೂನು. ನಮ್ಮ ಜಿಲ್ಲೆಗೆ ವರ್ಷಪೂರ್ತಿ ಹರಿಯುವ ನದಿ ಇಲ್ಲ, ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ನಮಗೆ ಹೊಸತಲ್ಲ. ಇಂಥ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಾರ್ ಸೋಪಿನ ಜೊತೆ ಸೇರಿ ನೀರಲ್ಲಿ ಕರಗದ ಒಂದು ಜಿಗುಟಾಗುತ್ತದೆ. ಬಕೆಟ್ಟಿನ ಸುತ್ತ ಬೂದು ಬಣ್ಣದ ಗೆರೆ ಕಟ್ಟುತ್ತದಲ್ಲ, ಅದೇ. ಬಟ್ಟೆಯಲ್ಲೂ ಅದು ಕೂತು, ಇಸ್ತ್ರಿಯ ಬಿಸಿಗೆ ಹಳದಿಯಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರವರೆಗೂ ಆಗಬಹುದು ಎಂದಿದೆ. 600 ಕುಡಿಯಲು ನಡೆದೀತು, ಹಳೆಯ ಬಟ್ಟೆಗೆ ನಡೆಯುವುದಿಲ್ಲ. ನೀರಿನಲ್ಲಿ ಕಬ್ಬಿಣದ ಅಂಶವೂ ಇದ್ದರೆ ಪ್ರತಿ ಒಗೆತವೂ ಸ್ವಲ್ಪ ಸ್ವಲ್ಪ ತುಕ್ಕನ್ನೇ ಬಟ್ಟೆಗೆ ಉಣಿಸುತ್ತದೆ.

ಗಂಜಿಯ ಕತೆ ನಿಮಗೆ ಗೊತ್ತಿರಬಹುದು. ಗಂಜಿ ಹಾಕಿದ ಬಟ್ಟೆ ಮಡಿಕೆಯಲ್ಲಿ ಬಿರುಸಾಗಿ ಎಳೆ ಮುರಿಯುತ್ತದೆ, ಹಳದಿಯಾಗುತ್ತದೆ, ಮೇಲಾಗಿ ಬೆಳ್ಳಿಹುಳಕ್ಕೆ ಅದು ಊಟ. ಇಲ್ಲೊಂದು ತಪ್ಪು ನಂಬಿಕೆ ಇದೆ. ನುಸಿ ಗುಳಿಗೆ ಹಾಕಿದರೆ ಎಲ್ಲ ಹುಳವೂ ದೂರ ಎಂದುಕೊಳ್ಳುತ್ತೇವೆ. ಬಟ್ಟೆ ನುಸಿಯ ಮರಿ ತಿನ್ನುವುದು ಉಣ್ಣೆ, ರೇಷ್ಮೆ. ಕೊಳೆ ಇಲ್ಲದ ಹತ್ತಿಯ ತಂಟೆಗೆ ಅದು ಬರುವುದಿಲ್ಲ. ಹತ್ತಿಗೆ ಶತ್ರು ಬೆಳ್ಳಿಹುಳ, ಅದನ್ನು ಕರೆಯುವುದು ಗಂಜಿ. ಗಂಜಿ ತೆಗೆದು ಇಟ್ಟರೆ ಗುಳಿಗೆಯೇ ಬೇಡ.

ಇನ್ನು ಸೂಜಿಮೊನೆಯಷ್ಟು ಸಣ್ಣ ಕಂದು ಚುಕ್ಕೆಗಳು ಸಾಲಾಗಿ ಇದ್ದರೆ ನೀಲಿಯ ಕೆಲಸವೂ ಇರಬಹುದು. ಹಿಂದೆ ಬಟ್ಟೆಗೆ ಹಾಕುತ್ತಿದ್ದ ನೀಲಿಗಳಲ್ಲಿ ಪ್ರಷ್ಯನ್ ನೀಲಿ ಎಂಬ ಒಂದು ಬಗೆಯಲ್ಲಿ ಕಬ್ಬಿಣ ಇರುತ್ತಿತ್ತು. ಸಾಬೂನು ಪೂರ್ತಿ ಹೋಗದ ಬಟ್ಟೆಗೆ ಅದನ್ನು ಹಾಕಿದರೆ ಕ್ಷಾರಕ್ಕೆ ಒಡೆದು ತುಕ್ಕಿನ ಚುಕ್ಕೆ ಬಿಡುತ್ತಿತ್ತು. ಮಡಿಕೆಯ ಹಳದಿ ಗೆರೆಗೆ ಕಾರಣ ಬೇರೆ. ಮಡಿಕೆಯ ಏಣು ಗಾಳಿಗೆ, ಪೆಟ್ಟಿಗೆಯ ಗೋಡೆಗೆ, ತಳಕ್ಕೆ ಹಾಸಿದ ಪೇಪರಿಗೆ ಹೆಚ್ಚು ತಾಗುತ್ತದೆ. ನ್ಯೂಸ್‌ಪೇಪರ್ ಮರದ ತಿರುಳಿನಿಂದ ಮಾಡಿದ್ದು, ಹಳತಾದಂತೆ ಆಮ್ಲ ಬಿಡುತ್ತದೆ. ಆ ಆಮ್ಲ ಪೇಪರನ್ನು ಹೇಗೆ ಹಳದಿ ಮಾಡಿ ಪುಡಿ ಮಾಡುತ್ತದೋ ಪಕ್ಕದ ಹತ್ತಿಯನ್ನೂ ಹಾಗೇ ಮಾಡುತ್ತದೆ. ನಮ್ಮ ಮನೆಗಳ ಟ್ರಂಕಿನಲ್ಲಿ ಪೇಪರ್ ಹಾಸದೆ ಬಟ್ಟೆ ಇಟ್ಟವರನ್ನು ನಾನು ಕಂಡಿಲ್ಲ.

ಬ್ಲೀಚಿಂಗ್ ಪೌಡರ್ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ: ಬೇಡ. ನಿಮ್ಮ ನಾದಿನಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ನಾನೂ ಮೊದಮೊದಲು ಅದನ್ನೇ ನಂಬಿದ್ದೆ. ಕೆಲಸ ಶುರು ಮಾಡಿದ ಎರಡನೇ ವರ್ಷ ಒಬ್ಬರು ತಮ್ಮ ತಾಯಿಯ ಮೇಜಿನ ಹಾಸನ್ನು ತಂದುಕೊಟ್ಟಿದ್ದರು. ನಡುವೆ ನಾಲ್ಕು ತುಕ್ಕಿನ ಕಲೆ. ಬ್ಲೀಚಿನಲ್ಲಿ ನೆನೆಸಿದೆ. ಸುತ್ತಲಿನ ಬಟ್ಟೆ ಬೆಳ್ಳಗಾಯಿತು, ಕಲೆ ಇನ್ನೂ ಕೆಂಪಾಯಿತು. ಮತ್ತೆ ನೆನೆಸಿದೆ. ಹಿಂಡುವಾಗ ನಾಲ್ಕೂ ಕಡೆ ಕಲೆ ಇದ್ದಷ್ಟೇ ಅಗಲದ ತೂತು ಬಿತ್ತು. ಅವರ ಎದುರು ಅದನ್ನು ಬಿಡಿಸಿ ತೋರಿಸಿದ ದಿನ ನಾನು ಮರೆತಿಲ್ಲ. ಆಮೇಲೆ ಕಾರಣ ತಿಳಿದುಕೊಂಡೆ. ಕ್ಲೋರಿನ್ ತುಕ್ಕನ್ನು ತೆಗೆಯುವುದಿಲ್ಲ, ಇನ್ನಷ್ಟು ಗಟ್ಟಿ ಮಾಡುತ್ತದೆ. ಜೊತೆಗೆ ಅಲ್ಲಿರುವ ಕಬ್ಬಿಣ ಬ್ಲೀಚಿನ ಕೆಲಸಕ್ಕೆ ವೇಗ ಕೊಟ್ಟು, ಆ ಜಾಗದ ಎಳೆಯನ್ನು ಸುಟ್ಟಂತೆ ಮಾಡುತ್ತದೆ. ಕಲೆ ಇಲ್ಲದ ಕಡೆಯೂ ಕ್ಲೋರಿನ್ ಹಳೆಯ ಹತ್ತಿಯ ನಾರನ್ನು ತುಂಡು ಮಾಡುತ್ತದೆ. ಅದು ಕಾಣುವುದು ಆರು ತಿಂಗಳ ಮೇಲೆ, ಬಟ್ಟೆ ಮತ್ತೆ ಹಳದಿಯಾಗಿ ಕೈಯಲ್ಲಿ ಸೀಳಿದಾಗ. ಇನ್ನೊಂದು ಎಚ್ಚರಿಕೆ, ಬ್ಲೀಚಿನ ಜೊತೆ ನಿಂಬೆಹಣ್ಣು, ವಿನೆಗರ್, ಬಾತ್‌ರೂಮ್ ಆಸಿಡ್ ಯಾವುದನ್ನೂ ಎಂದೂ ಸೇರಿಸಬಾರದು. ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಡ್ರೈ ವಾಶ್ ಇದಕ್ಕೆ ಹೊಂದುವ ಮದ್ದಲ್ಲ. ಅದರಲ್ಲಿ ನೀರಿನ ಬದಲು ಬೇರೆ ದ್ರಾವಣ ಬಳಸುತ್ತಾರೆ. ಜಿಡ್ಡು ಹೋಗುತ್ತದೆ, ಸಕ್ಕರೆ, ಗಂಜಿ, ಬೆವರು, ಹಳೆಯ ಆಮ್ಲ ಹಾಗೇ ಉಳಿಯುತ್ತವೆ. ರೇಷ್ಮೆಗೆ, ಜರಿಗೆ ಕೊಡಿ. ಬಿಳಿ ಹತ್ತಿಗೆ ನೀರೇ ಬೇಕು.

ಲಿನನ್ ಎಂಬ ಮಾತಿಗೂ ಉತ್ತರಿಸಿಬಿಡುತ್ತೇನೆ. ಲಿನನ್ ಎಂದರೆ ಅಗಸೆ ಗಿಡದ ಕಾಂಡದ ನಾರಿನಿಂದ ನೇಯ್ದದ್ದು. ಮುಟ್ಟಿದರೆ ತಣ್ಣಗೆ, ಎಳೆ ಅಲ್ಲಲ್ಲಿ ದಪ್ಪ ಸಣ್ಣ, ಸುಕ್ಕು ಚೂಪಾಗಿ ನಿಲ್ಲುತ್ತದೆ. ನಮ್ಮ ಕಡೆಯ ಟ್ರಂಕುಗಳಲ್ಲಿ ನಾನು ಕಂಡದ್ದು ಹತ್ತಕ್ಕೆ ಒಂಬತ್ತು ಪಾಲು ಲಾಂಗ್ ಕ್ಲಾತ್, ಕೇಂಬ್ರಿಕ್, ಪಾಪ್ಲಿನ್, ಅಂದರೆ ಹತ್ತಿ. ಹತ್ತಿಯೆಂದು ಗೊತ್ತಾದರೆ ಬೇಸರಪಡಬೇಕಿಲ್ಲ, ಅಜ್ಜಿಯ ಕೈಕೆಲಸದ ಬೆಲೆ ಅದರಿಂದ ಇಳಿಯುವುದಿಲ್ಲ. ಒಗೆಯುವ ಕ್ರಮವೂ ಎರಡಕ್ಕೂ ಒಂದೇ. ಲಿನನ್ ಆಗಿದ್ದರೆ ಮಡಿಕೆಯ ಮೇಲೆ ಇಸ್ತ್ರಿ ಒತ್ತಬೇಡಿ, ಅದರ ನಾರು ಅದೇ ಜಾಗದಲ್ಲಿ ಮುರಿಯುತ್ತದೆ, ಅಷ್ಟೇ.

ಗಮನ ಕೊಡಬೇಕಾದದ್ದು ದಿಂಬಿನ ಕವರಿನ ಕಸೂತಿ ದಾರಕ್ಕೆ. ಎರಡು ಪರೀಕ್ಷೆ ಮಾಡಿ. ಹಿಂಭಾಗದಲ್ಲಿ ಕೆಂಪು, ನೀಲಿ, ಹಸಿರು, ಪ್ರತಿ ಬಣ್ಣದ ಮೇಲೂ ಒದ್ದೆ ಮಾಡಿದ ಬಿಳಿ ಬಟ್ಟೆಯ ಚೂರನ್ನು ಐದು ನಿಮಿಷ ಒತ್ತಿಹಿಡಿಯಿರಿ. ಚೂರಿಗೆ ಬಣ್ಣ ಹತ್ತಿದರೆ ಆ ಕವರನ್ನು ನೆನೆಸುವ ಹಾಗಿಲ್ಲ. ಇನ್ನೊಂದು, ದಾರ ರೇಷ್ಮೆಯಂತೆ ಹೊಳೆಯುತ್ತಿದ್ದರೆ ಹಿಂದೆ ಬಿಟ್ಟಿರುವ ದಾರದ ತುದಿಯೊಂದನ್ನು ನೀರಲ್ಲಿ ಒದ್ದೆ ಮಾಡಿ ಎಳೆದು ನೋಡಿ. ಸುಲಭವಾಗಿ ತುಂಡಾದರೆ ಅದು ರೇಯಾನ್. ಹತ್ತಿ, ಲಿನನ್ ನೆನೆದಾಗ ಒಣಗಿದ್ದಾಗಿನದಕ್ಕಿಂತ ಗಟ್ಟಿ. ರೇಯಾನ್ ತದ್ವಿರುದ್ಧ, ನೆನೆದಾಗ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಅಂಥ ಕವರನ್ನು ಒದ್ದೆ ಇದ್ದಾಗ ಹಿಂಡಿದರೆ ಹೂವಿನ ಎಸಳು ಒಂದೊಂದಾಗಿ ಕಿತ್ತುಬರುತ್ತದೆ.

ಬಿಟ್ಟುಕೊಂಡ ಲೇಸನ್ನು ನೀರಿಗೆ ಹಾಕುವ ಮೊದಲೇ ಹಿಡಿಯಬೇಕು. ಕ್ರೋಶಾದಲ್ಲಿ ಒಂದು ಕುಣಿಕೆ ತುಂಡಾಗಿದ್ದರೆ ನೀರಿನ ಭಾರಕ್ಕೆ ಪಕ್ಕದ್ದು, ಅದರ ಪಕ್ಕದ್ದು ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಬಿಡುವಾದ ಕುಣಿಕೆಗಳಲ್ಲಿ ಸಣ್ಣ ಸೂಜಿಯಿಂದ ಒಂದು ಹತ್ತಿ ದಾರ ಪೋಣಿಸಿ, ಸಡಿಲವಾಗಿ ಗಂಟು ಹಾಕಿ. ಸರಿಯಾದ ದುರಸ್ತಿ ಒಣಗಿದ ಮೇಲೆ.

ನೀರಿಗೆ ಬನ್ನಿ. ಬೋರ್‌ವೆಲ್ ನೀರು ಬೇಡ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ನಾಲ್ಕೈದು ಕ್ಯಾನ್ ತರಿಸಿ. ಮಳೆಗಾಲವಾದರೆ ತಾರಸಿ ತೊಳೆದುಹೋದ ಮೇಲಿನ ಎರಡನೇ, ಮೂರನೇ ಮಳೆಯ ನೀರು ಇನ್ನೂ ಉತ್ತಮ, ಅದರಷ್ಟು ಮೆದುವಾದ ನೀರು ನಮ್ಮ ಸೀಮೆಯಲ್ಲಿ ಬೇರೆ ಸಿಗುವುದಿಲ್ಲ. ಅಗಲವಾದ ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಹಳೆಯ ಸೊಳ್ಳೆ ಪರದೆಯ ತುಂಡು ಹಾಸಿ, ಅದರ ಮೇಲೆ ಬಟ್ಟೆ ಇಡಿ. ನೀರು ಕುಡಿದ ಟೇಬಲ್ ಕ್ಲಾತ್ ಎಷ್ಟು ಭಾರವೆಂದರೆ ಎರಡು ಮೂಲೆ ಹಿಡಿದು ಎತ್ತಿದರೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಯಾವಾಗಲೂ ಪರದೆಯ ಸಮೇತ ಎತ್ತಿ.

ಮೊದಲು ಸೋಪಿಲ್ಲದ ಬರಿ ನೀರು, ಒಂದು ಗಂಟೆ. ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಗಾಬರಿಯಾಗಬೇಡಿ. ಹಳೆಯ ಗಂಜಿ, ಧೂಳು, ಹತ್ತಿ ಹಳತಾಗಿ ಉಂಟಾದ ಆಮ್ಲ ಎಲ್ಲವೂ ಹೊರಗೆ ಬರುತ್ತಿದೆ. ನೀರು ಚೆಲ್ಲಿ, ಹೊಸದು ಹಾಕಿ. ನೀರಿನ ಬಣ್ಣ ತಿಳಿಯಾಗುವವರೆಗೆ ಮೂರು ನಾಲ್ಕು ಸಲ. ಬಹಳ ಬಟ್ಟೆಗಳಿಗೆ ಅರ್ಧದಷ್ಟು ಹಳದಿ ಇಲ್ಲೇ ಇಳಿದುಹೋಗುತ್ತದೆ, ಮುಂದಿನ ಹೆಜ್ಜೆಯೇ ಬೇಕಾಗುವುದಿಲ್ಲ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಮೃದು ಬಟ್ಟೆಗೆಂದು ಮಾರುವ ದ್ರವ ಸೋಪು ಒಂದು ಮುಚ್ಚಳ ಹಾಕಿ, ಅಂಗೈಯಿಂದ ಒತ್ತಿ ಒತ್ತಿ ಬಿಡಿ. ಉಜ್ಜಬಾರದು, ಬ್ರಷ್ ಬೇಡ, ಕಲ್ಲಿಗೆ ಒಗೆಯುವ ಮಾತೇ ಇಲ್ಲ. ನಮ್ಮ ಕಡೆ ಕುಂಕುಡುಕಾಯಿ ಎನ್ನುವ ಅಂಟುವಾಳ ರೇಷ್ಮೆಗೆ ಬಹಳ ಒಳ್ಳೆಯದು, ಆದರೆ ಬಿಳಿ ಹತ್ತಿಗೆ ತನ್ನದೇ ಕಂದು ಛಾಯೆ ಬಿಡಬಹುದು. ಸಾಮಾನ್ಯ ಡಿಟರ್ಜೆಂಟ್ ಪುಡಿಗಳಲ್ಲಿ ಬಟ್ಟೆಯನ್ನು ಬಿಸಿಲಲ್ಲಿ ನೀಲಿ ಬಿಳುಪಾಗಿ ಹೊಳೆಯಿಸುವ ರಾಸಾಯನಿಕ ಇರುತ್ತದೆ. ಹಳೆಯ ಕೆನೆ ಬಣ್ಣದ ಮೇಲೆ ಅದು ಸುಣ್ಣ ಬಳಿದಂತೆ ಕಾಣುತ್ತದೆ.

"ಹಿಂದೆ ಮಡಿವಾಳರು ಸೌಳು ಮಣ್ಣು ಹಾಕಿ ಉಬ್ಬೆಯಲ್ಲಿ ಬೇಯಿಸುತ್ತಿರಲಿಲ್ಲವೇ, ಆಗ ಏನೂ ಆಗಲಿಲ್ಲವಲ್ಲ" ಎಂದು ಹಿರಿಯರು ಕೇಳುತ್ತಾರೆ. ನಿಜ. ಹೊಸ ಹತ್ತಿ ಕ್ಷಾರವನ್ನೂ ಬಿಸಿಯನ್ನೂ ಚೆನ್ನಾಗಿ ತಡೆಯುತ್ತದೆ. 50 ವರ್ಷ ಮಡಿಕೆಯಲ್ಲಿ ಕೂತ ಹತ್ತಿ ಆ ಹತ್ತಿಯಲ್ಲ.

ಸೋಪಿನ ನಂತರ ಉಳಿಯುವುದು ತುಕ್ಕು ಮತ್ತು ಹಟಮಾರಿ ಕಂದು ಕಲೆಗಳು. ತುಕ್ಕೇ ಮೊದಲು, ಈ ಕ್ರಮ ತಪ್ಪಬಾರದು. ನಿಂಬೆಹಣ್ಣು, ಉಪ್ಪು ಹಚ್ಚಿ ಬಿಸಿಲಿಗಿಡುವ ಮನೆಮದ್ದು ಕೆಲಸ ಮಾಡುತ್ತದೆ, ನಿಂಬೆಯ ಸಿಟ್ರಿಕ್ ಆಮ್ಲ ಕಬ್ಬಿಣವನ್ನು ಹಿಡಿದು ಎಳೆದುಕೊಳ್ಳುತ್ತದೆ. ಆದರೆ ಉಪ್ಪಿನ ಹರಳು ಎಳೆಯನ್ನು ಗೀರುತ್ತದೆ, ಬಿಸಿಲಿನಲ್ಲಿ ಒಣಗಿದ ಆಮ್ಲ ಹತ್ತಿಯನ್ನು ತಿನ್ನುತ್ತದೆ. ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಪುಡಿ, ಒಂದು ಚಮಚವನ್ನು ಒಂದು ಲೋಟ ಬೆಚ್ಚಗಿನ ನೀರಲ್ಲಿ ಕರಗಿಸಿ, ಹತ್ತಿಯುಂಡೆಯಿಂದ ಕಲೆಯ ಮೇಲೆ ಮಾತ್ರ ಅದ್ದಿ. 15 ನಿಮಿಷಕ್ಕೆ ತೊಳೆಯಿರಿ. ಒಂದೇ ಸಲಕ್ಕೆ ಹೋಗುವುದಿಲ್ಲ, ನಾಲ್ಕೈದು ಸಲ ಮಾಡಿ. ಪ್ರತಿ ಸಲವೂ ಧಾರಾಳ ನೀರಿನಿಂದ ತೊಳೆಯಲೇಬೇಕು. ಕೆಲವರು ಆಕ್ಸಾಲಿಕ್ ಆಸಿಡ್ ಕೊಡುತ್ತಾರೆ. ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ಅದು ವಿಷ. ಬಾಣಂತಿ, ಕೂಸು ಇರುವ ಮನೆಗೆ ಅದನ್ನು ತರಬೇಡಿ.

ತುಕ್ಕು ಹೋದ ಮೇಲೆ ಉಳಿದ ಕಂದಿಗೆ ಸೋಡಿಯಂ ಪರ್‌ಕಾರ್ಬೊನೇಟ್, ಆಕ್ಸಿಜನ್ ಬ್ಲೀಚ್ ಎಂದು ಮಾರುತ್ತಾರೆ. ಐದು ಲೀಟರ್ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ, ಎರಡು ಮೂರು ಗಂಟೆ, ಆಗಾಗ ನೋಡುತ್ತಿರಬೇಕು. ಬಿಳಿ ಹತ್ತಿ, ಲಿನನ್‌ಗೆ ಮಾತ್ರ. ರೇಷ್ಮೆ, ಉಣ್ಣೆಗೆ ಇದರ ಕ್ಷಾರ ಆಗದು. ತುಕ್ಕು ಉಳಿದಿದ್ದರೆ ಇದೂ ಕಬ್ಬಿಣದ ಜೊತೆ ಸೇರಿ ತೂತು ಮಾಡುತ್ತದೆ, ಅದಕ್ಕೇ ಕ್ರಮದ ಬಗ್ಗೆ ಅಷ್ಟು ಒತ್ತಿ ಹೇಳಿದ್ದು. ಫ್ರಾಕಿಗೆ ಈ ಹೆಜ್ಜೆ ಬೇಡ, ನೀರು ಮತ್ತು ಸೋಪೇ ಸಾಕು. ಇಷ್ಟೆಲ್ಲ ಆದ ಮೇಲೂ ಹೋಗದ ಕಲೆಯನ್ನು ಬಿಟ್ಟುಬಿಡಿ. ಅದನ್ನು ತೆಗೆಯುವ ಶಕ್ತಿ ಇರುವ ಯಾವ ವಸ್ತುವೂ ಬಟ್ಟೆಯನ್ನು ಉಳಿಸುವುದಿಲ್ಲ.

ಹಿಂಡಬೇಡಿ. ದಪ್ಪ ಟವೆಲಿನ ನಡುವೆ ಸುತ್ತಿ ನೀರು ಹೀರಿಸಿ, ತಾರಸಿಯ ನೆರಳಿನಲ್ಲಿ ಹಳೆಯ ಪಂಚೆ ಹಾಸಿ ಮಟ್ಟಸವಾಗಿ ಹರಡಿ. ಲೇಸಿನ ಒಂದೊಂದು ಮೂಲೆಯನ್ನೂ ಬೆರಳಿಂದ ಎಳೆದು ಆಕಾರಕ್ಕೆ ತನ್ನಿ. ಪಿನ್ನು ಬೇಕಿದ್ದರೆ ತುಕ್ಕು ಹಿಡಿಯದ ಸ್ಟೀಲಿನದೇ ಆಗಲಿ. ಇಸ್ತ್ರಿಯನ್ನು ಸ್ವಲ್ಪ ತೇವ ಇರುವಾಗಲೇ, ಟವೆಲಿನ ಮೇಲೆ ಕಸೂತಿ ಕೆಳಮುಖ ಮಾಡಿ ಹಾಕಿ, ಹೂವು ಚಪ್ಪಟೆಯಾಗದೆ ಎದ್ದು ನಿಲ್ಲುತ್ತದೆ.

ದುರಸ್ತಿಯಲ್ಲಿ ನಾನು ಹೆಚ್ಚು ಕಾಣುವ ತಪ್ಪು ಗಟ್ಟಿ ದಾರ ಹಾಕುವುದು. ಟೈಲರ್ ಅಂಗಡಿಯ ಪಾಲಿಯೆಸ್ಟರ್ ದಾರ ಹಳೆಯ ಹತ್ತಿಗಿಂತ ಬಲವಾದದ್ದು. ಜಗ್ಗಿದಾಗ ಅದು ತುಂಡಾಗದೆ ಬಟ್ಟೆಯನ್ನೇ ಕೊಯ್ಯುತ್ತದೆ. ದಾರ ಬಟ್ಟೆಗಿಂತ ಬಲಹೀನವಾಗಿರಬೇಕು, ಎಳೆದಾಟ ಬಂದರೆ ಮೊದಲು ದಾರ ಹೋಗಲಿ. ಸಣ್ಣ ಹತ್ತಿ ದಾರ, ಇಲ್ಲವೇ ಅದೇ ಟೇಬಲ್ ಕ್ಲಾತಿನ ಹೆಮ್ಮಿಂಗ್ ಒಳಗಿನಿಂದ ಬಿಡಿಸಿದ ಎಳೆ, 10ನೇ ನಂಬರಿನ ಕೈಸೂಜಿ. ಬಣ್ಣವೂ ಹೊಂದುತ್ತದೆ. ತೂತಿಗೆ ಹಿಂದಿನಿಂದ ಹಳೆಯ ಮಲ್ ತುಂಡು ಇಟ್ಟು, ಅಂಚನ್ನು ದಾಟಿ ಗಟ್ಟಿ ಬಟ್ಟೆಯವರೆಗೂ ಸಣ್ಣ ಟಾಕಿ ಹಾಕಿ. ಲೇಸನ್ನು ಮತ್ತೆ ಹಿಡಿಸುವಾಗ ಅಜ್ಜಿಯ ಹಳೆಯ ಟಾಕಿಯ ರಂಧ್ರಗಳೇ ಕಾಣುತ್ತವೆ, ಅವುಗಳಲ್ಲೇ ಸೂಜಿ ಹಾಯಿಸಿ. ಹೊಸ ರಂಧ್ರ ಮಾಡಿದಷ್ಟೂ ಅಂಚು ದುರ್ಬಲ. ಮಿಷನ್ನಿನಲ್ಲೇ ಹೊಲಿಯುವುದಾದರೆ 9 ಅಥವಾ 11ನೇ ಸೂಜಿ ಹಾಕಿ, ಕೈಮಿಷನ್ನಾದರೆ ನಿಧಾನಕ್ಕೆ ಅನುಕೂಲ. ನಾನಂತೂ ಲೇಸಿಗೆ ಮಿಷನ್ ತಾಗಿಸುವುದಿಲ್ಲ.

ಟೇಬಲ್ ಕ್ಲಾತ್ ಕತ್ತರಿಸಿ ಕುಶನ್ ಕವರ್, ಬ್ಯಾಗ್ ಮಾಡಿಸುವ ರೂಢಿ ಈಗ ಬಹಳ ಬಂದಿದೆ. ನಡು ಪೂರ್ತಿ ಸೀಳಿಹೋಗಿ ಅಂಚು ಮಾತ್ರ ಉಳಿದ ಬಟ್ಟೆಗಾದರೆ ಸರಿ, ಆ ಲೇಸನ್ನು ಹೊಸ ಕೇಂಬ್ರಿಕ್‌ಗೆ ಹಿಡಿಸಿದರೆ ಇನ್ನೊಂದು ತಲೆಮಾರು ಬಾಳುತ್ತದೆ. ನಿಮ್ಮದು ಇಡಿಯಾಗಿದೆ. ಕತ್ತರಿ ಹಾಕಬೇಡಿ.

ಹಾಗಿದ್ದರೆ ಬಳಕೆ ಹೇಗೆ? ಹಬ್ಬಕ್ಕೆ, ಮನೆಗೆ ಬಂದವರ ಕಾಫಿಗೆ ಹಾಸಿ. ಮೇಲೆ ಪ್ಲಾಸ್ಟಿಕ್ ಶೀಟ್ ಹೊದಿಸಬೇಡಿ, ಕೆಳಗೆ ತೇವ ಸಿಕ್ಕಿಕೊಂಡು ಬಟ್ಟೆ ಕೆಡುತ್ತದೆ, ಶೀಟೇ ಹಳತಾಗಿ ಅಂಟಿಕೊಳ್ಳುತ್ತದೆ. ಕಾಫಿ ಚೆಲ್ಲಿದರೆ ತಕ್ಷಣ ತಣ್ಣೀರು. ಬಿಸಿನೀರು ಹಾಲಿನ ಅಂಶವನ್ನು ಎಳೆಗೆ ಬೇಯಿಸಿಬಿಡುತ್ತದೆ. ದಿಂಬಿನ ಕವರ್‌ಗಳ ಕೆಳಗೆ ಸಾದಾ ಕವರ್ ಒಂದಿರಲಿ, ಎಣ್ಣೆ ಹಚ್ಚಿದ ತಲೆ ಅದರ ಮೇಲೆ ಬೇಡ. ತಲೆಯ ಎಣ್ಣೆ ಗಾಳಿಗೆ ಗಟ್ಟಿಯಾಗಿ ಹಳದಿ ಪೊರೆಯಾದರೆ ಆಮೇಲೆ ಬಿಡುವುದು ಕಷ್ಟ.

ನಾಮಕರಣದ ದಿನ ಹೆಚ್ಚು ಭಯಪಡಬೇಕಾದದ್ದು ಅರಿಶಿನಕ್ಕೆ. ಹಿರಿಯರು ಅಕ್ಷತೆ ಹಾಕುತ್ತಾರೆ, ಕುಂಕುಮದ ಕೈಯಲ್ಲಿ ಮಗುವನ್ನು ಎತ್ತಿಕೊಳ್ಳುತ್ತಾರೆ. ಬೇಡವೆನ್ನಲಾಗುವುದಿಲ್ಲ, ಬೇಡವೆನ್ನಲೂಬಾರದು. ಹೆಸರಿಡುವಾಗ ಹಾಕಿ, ಫೋಟೊ ಆದ ಮೇಲೆ ಬದಲಿಸಿ, ಆಮೇಲೆ ಆಶೀರ್ವಾದ ನಡೆಯಲಿ. ಅರಿಶಿನ ತಾಗಿಯೇ ಬಿಟ್ಟರೆ ಸೋಪು ಮುಟ್ಟಿಸಬೇಡಿ, ಸೋಪಿನ ಕ್ಷಾರಕ್ಕೆ ಅದು ಕೆಂಪಾಗುತ್ತದೆ. ಬರಿ ತಣ್ಣೀರಲ್ಲಿ ತೊಳೆದು ಆ ಭಾಗವನ್ನಷ್ಟೇ ಒದ್ದೆಯಾಗಿಯೇ ಬಿಸಿಲಿಗೆ ಹಿಡಿಯಿರಿ, ಅರಿಶಿನದ ಬಣ್ಣ ಬಿಸಿಲಿಗೆ ತಾನೇ ಮಾಸುತ್ತದೆ.

ಮತ್ತೆ ಇಡುವಾಗ ಗಂಜಿ, ನೀಲಿ, ಇಸ್ತ್ರಿಯ ಗಟ್ಟಿ ಮಡಿಕೆ, ಪೇಪರ್, ಗುಳಿಗೆ, ಪ್ಲಾಸ್ಟಿಕ್ ಚೀಲ ಯಾವುದೂ ಇರಬಾರದು. ಒಗೆದು ಒಗೆದು ಮೆತ್ತಗಾದ ಬಿಳಿ ಪಂಚೆಯಲ್ಲಿ ಸುತ್ತಿ. ಟ್ರಂಕೇ ಬೇಕೆಂದರೆ ಒಳಗಿನ ತುಕ್ಕು ಉಜ್ಜಿ, ಬಣ್ಣ ಹೊಡೆಸಿ, ವಾಸನೆ ಹೋಗುವವರೆಗೆ ತೆರೆದಿಟ್ಟು, ಎರಡು ಪದರ ದಪ್ಪ ಹತ್ತಿ ಬಟ್ಟೆ ಹಾಸಿ. ಅಟ್ಟದ ಮೇಲೆ, ತಾರಸಿಯ ಕೆಳಗಿನ ಕಾಯುವ ಗೂಡಿನಲ್ಲಿ ಇಡಬೇಡಿ. ನಮ್ಮ ಒಣ ಹವೆ ಹಳೆಯ ಬಟ್ಟೆಗೆ ವರ, ಮಲೆನಾಡಿನವರಿಗಿರುವ ಬೂಷ್ಟಿನ ಕಾಟ ನಮಗಿಲ್ಲ. ವರ್ಷಕ್ಕೊಮ್ಮೆ, ದೀಪಾವಳಿಯ ಮನೆ ಶುಚಿಯ ಹೊತ್ತಿಗೆ, ಎಲ್ಲ ಹೊರತೆಗೆದು ಒಂದು ದಿನ ಗಾಳಿಗೆ ಹಾಕಿ, ಹಳೆಯ ಮಡಿಕೆ ಬಿಟ್ಟು ಬೇರೆ ಕಡೆ ಮಡಚಿ. ಬಜೆ ಬೇರು, ಲಾವಂಚ, ಒಣಗಿದ ಬೇವಿನ ಸೊಪ್ಪು ಇಡಬಹುದು, ಬಟ್ಟೆಯ ಚೀಲದಲ್ಲಿ ಕಟ್ಟಿ ಮೂಲೆಯಲ್ಲಿಡಿ, ನೇರವಾಗಿ ತಾಗದಿರಲಿ.

ಕೊನೆಗೆ ಉಳಿದದ್ದು ಟೇಬಲ್ ಕ್ಲಾತಿನ ಮೂಲೆಯ ಕಪ್ಪು ಗುರುತು. ಭೂತಗನ್ನಡಿ ಹಿಡಿದು ನೋಡಿ. ಸಣ್ಣ ಗೆರೆಗಳೋ, ಚುಕ್ಕೆಗಳೋ, ಒಂದು ಅಕ್ಷರದ ಆಕಾರವೋ ಕಂಡರೆ ಅದು ಮಡಿವಾಳರ ಗುರುತು. ಕರಿಗೇರು ಬೀಜದ ರಸದಲ್ಲಿ ಬರೆದು, ಸುಣ್ಣ ತಾಗಿಸಿ ನಿಲ್ಲಿಸುತ್ತಿದ್ದರು. ಯಾವ ಮನೆಯ ಬಟ್ಟೆ ಯಾವುದೆಂದು ಉಬ್ಬೆಯಲ್ಲಿ ಬೆರೆಯದಿರಲಿ ಎಂದು. ನಾನು ಹೇಳಿದ ಯಾವ ಮದ್ದಿಗೂ ಅದು ಹೋಗುವುದಿಲ್ಲ, ಹೋಗಿಸಲು ಯತ್ನಿಸಲೂಬೇಡಿ. ನಿಮ್ಮ ತಾಯಿಯವರಿಗೆ ತೋರಿಸಿ. ಕೆಜಿಎಫ್‌ನ ಮನೆಗೆ ಬಟ್ಟೆ ಒಯ್ಯಲು ಬರುತ್ತಿದ್ದವರು ಯಾರು, ನಿಮ್ಮ ಮನೆಗೆ ಯಾವ ಗುರುತು ಹಾಕುತ್ತಿದ್ದರು ಎಂದು ಅವರಿಗೆ ನೆನಪಿದ್ದೀತು.